ಬಿಲಿರುಬಿನ್ 2.4 ಬಂದಿದೆ, ಇದು ಕಾಮಾಲೆನಾ ಮೇಡಂ?

ಪ್ರಶ್ನೆ: ತಮ್ಮನಿಗೆ 24 ವರ್ಷ. ಕೆಲಸಕ್ಕೆ ಸೇರುವ ಮುಂಚೆ ಚೆಕಪ್ ಮಾಡಿಸಿದೆವು. ಟೋಟಲ್ ಬಿಲಿರುಬಿನ್ 2.4, ಡೈರೆಕ್ಟ್ 0.3. ಲಿವರ್ ಟೆಸ್ಟ್‌ಗಳಾದ ಎಸ್‌ಜಿಪಿಟಿ, ಎಸ್‌ಜಿಒಟಿ ನಾರ್ಮಲ್, ಹಿಮೋಗ್ಲೋಬಿನ್ 15. ಹಿಂದಿನ ದಿನ ಶಿವರಾತ್ರಿ ಉಪವಾಸ ಇದ್ದ, ಜಾಗರಣೆ ಬೇರೆ. ಸುಸ್ತು, ಜ್ವರ ಏನೂ ಇಲ್ಲ. ಅಮ್ಮ ಆಗಲೇ ಎಣ್ಣೆ, ಒಗ್ಗರಣೆ ನಿಲ್ಲಿಸಿದ್ದಾರೆ. ನಾಟಿ ಔಷಧಿ ಕೊಡಿಸೋಣ ಅಂತಿದ್ದಾರೆ.

ಉತ್ತರ: ಮೊದಲು ಒಗ್ಗರಣೆ ಶುರು ಮಾಡಲು ಹೇಳಿ!

ಟೋಟಲ್ ಒಂದನ್ನೇ ನೋಡಿ ಹೆದರಬೇಡಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದು ಒಡೆದಾಗ ಹುಟ್ಟುವ ಹಳದಿ ಬಣ್ಣವೇ ಬಿಲಿರುಬಿನ್. ಆಗ ಅದು ನೀರಿನಲ್ಲಿ ಕರಗುವುದಿಲ್ಲ, ಅದೇ ಇನ್‌ಡೈರೆಕ್ಟ್. ಲಿವರ್ ಅದನ್ನು ಕರಗುವ ಹಾಗೆ ಮಾಡಿದ ಮೇಲೆ ಡೈರೆಕ್ಟ್ ಅನ್ನುತ್ತೇವೆ. ಆಮೇಲೆ ಅದು ಪಿತ್ತದ ಜೊತೆ ಕರುಳಿಗೆ ಇಳಿಯುತ್ತದೆ.

ನಿಮ್ಮ ತಮ್ಮನಿಗೆ ಜಾಸ್ತಿ ಇರುವುದು ಇನ್‌ಡೈರೆಕ್ಟ್. ರಕ್ತಕಣ ವಿಪರೀತ ಒಡೆಯುತ್ತಿದ್ದರೂ ಹೀಗಾಗುತ್ತದೆ, ಆದರೆ ಹಾಗಿದ್ದರೆ ಸಾಮಾನ್ಯವಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ, ಇವನಿಗೆ 15 ಇದೆಯಲ್ವಾ? ನನಗೆ ಅನುಮಾನ ಗಿಲ್ಬರ್ಟ್ ಸಿಂಡ್ರೋಮ್ ಮೇಲೆ. (ಫ್ರೆಂಚ್ ಹೆಸರು, ಜಿಲ್ಬೇರ್ ಅನ್ನಬೇಕು. ನಾವೆಲ್ಲ ಗಿಲ್ಬರ್ಟ್ ಅಂತಲೇ ಕರೆಯುವುದು.) ಲಿವರ್‌ನ ಬಿಲಿರುಬಿನ್ ಕರಗುವ ಹಾಗೆ ಮಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಸ್ವಲ್ಪ ನಿಧಾನ, ಅಷ್ಟೇ. ಉಪವಾಸ, ನಿದ್ದೆಗೇಡು, ಜ್ವರ ಬಂದಾಗ ಬಿಲಿರುಬಿನ್ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಔಷಧಿ ಬೇಡ, ಪಥ್ಯವೂ ಬೇಡ. ಎರಡು ವಾರ ಚೆನ್ನಾಗಿ ಊಟ ಮಾಡಿ ಮತ್ತೆ ಟೆಸ್ಟ್ ಮಾಡಿಸಲಿ. ಜೊತೆಗೆ ರೆಟಿಕ್ಯುಲೋಸೈಟ್ ಕೌಂಟ್ (ಹೊಸದಾಗಿ ಹುಟ್ಟಿದ ಕೆಂಪು ರಕ್ತಕಣಗಳ ಎಣಿಕೆ) ಮತ್ತು ಸ್ಮಿಯರ್ (ರಕ್ತದ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು) ಮಾಡಿಸಿದರೆ ರಕ್ತಕಣದ ಅನುಮಾನವೂ ತೀರುತ್ತದೆ.

ಪ್ರಶ್ನೆ: ಆದರೆ ಪಕ್ಕದ ಮನೆಯವರಿಗೆ ನಾಟಿ ಔಷಧಿಯಲ್ಲೇ ವಾಸಿಯಾಯಿತಲ್ಲ ಮೇಡಂ?

ಉತ್ತರ: ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹೆಸರು ಮಾತ್ರ ಆ ವಾರ ಕುಡಿದ ಔಷಧಿಗೆ! ಕೆಲವು ಸೊಪ್ಪು ಬೇರುಗಳಿಂದ ಲಿವರ್ ಕೆಟ್ಟು ಬಂದವರನ್ನೂ ನೋಡಿದ್ದೇನೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ಅಪ್ಪನಿಗೆ 58. ಟೋಟಲ್ 6, ಡೈರೆಕ್ಟ್ 4.8. ಮೈಯೆಲ್ಲ ತುರಿಕೆ, ಮೂತ್ರ ಕಡು ಟೀ ಬಣ್ಣ. ಇದೂ ಗಿಲ್ಬರ್ಟಾ?

ಉತ್ತರ: ಖಂಡಿತ ಅಲ್ಲ. ಇಲ್ಲಿ ಡೈರೆಕ್ಟ್ ಏರಿದೆ. ಲಿವರ್ ತನ್ನ ಕೆಲಸ ಮಾಡಿದೆ, ಆದರೆ ಪಿತ್ತ ಹರಿಯುತ್ತಿಲ್ಲ ಅನಿಸುತ್ತದೆ. ಪಿತ್ತನಾಳದಲ್ಲಿ ಕಲ್ಲಿರಬಹುದು, ಗಡ್ಡೆಯೂ ಇರಬಹುದು. ಲಿವರ್‌ನದೇ ಕಾಯಿಲೆಯಲ್ಲೂ ಹೀಗಾಗುವುದುಂಟು. ಮಲ ಬೂದಿಯಂತೆ ಬಿಳುಚಿದೆಯಾ ಕೇಳಿ. ನಾಳೆಯೇ ಡಾಕ್ಟರಿಗೆ ತೋರಿಸಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಚಳಿ ಜ್ವರ ಬಂದರೆ ಅಥವಾ ಮಾತು ತೊದಲಿದರೆ ನಾಳೆವರೆಗೂ ಕಾಯಬೇಡಿ, ಮಧ್ಯರಾತ್ರಿಯಾದರೂ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.