ಗೌಡ್ರ ಮಗನ ಬಯೋಡೇಟಾ

ಸಂಜೆ ಆರಕ್ಕೆ ನಾಲೆ ಏರಿ ಪಕ್ಕದ ಟೀ ಅಂಗಡಿಯಲ್ಲಿ ನಾವು ಸೇರುವುದು ಮಂಡ್ಯದ ರಾಜಕೀಯ ಸರಿಮಾಡಲು. ಮೊನ್ನೆ ಮಾತ್ರ ರಾಜಕೀಯಕ್ಕೆ ರಜೆ. ಆಲೆಮನೆ ಗೌಡ್ರು ಜೇಬಿನಿಂದ ಮಗನ ಬಯೋಡೇಟಾ ತೆಗೆದರು.

"ಹುಡುಗಿಯ ಸೋದರಮಾವ ಅಮೆರಿಕದಲ್ಲಿದ್ದಾನೆ ಮೇಷ್ಟ್ರೇ. ಅವನೇ ಓದೋದಂತೆ. ಇಂಗ್ಲಿಷ್ ಒಂಚೂರು ನೋಡಿ."

ಮೇಷ್ಟ್ರು ಕನ್ನಡಕ ಏರಿಸಿದರು. ಮೊದಲ ಪದಕ್ಕೇ ಟೀ ನೆತ್ತಿಗೇರಿತು.

"ಹೋಮ್ಲಿ ಅಂತ ಹಾಕಿದ್ದೀರಲ್ಲ!"

"ಮನೆ ಕಡೆ ಗಮನ ಇರೋ ಹುಡುಗ ಅಂತ."

"ಅದು ನಮ್ಮಲ್ಲಿ. ಅಮೆರಿಕದಲ್ಲಿ ಹೋಮ್ಲಿ ಅಂದರೆ ನೋಡೋಕೆ ಅಷ್ಟಕ್ಕಷ್ಟೆ ಅಂತ."

ಅಂಚೆಯಣ್ಣ ಫೋಟೋ ನೋಡಿ, "ಹಾಗಾದ್ರೆ ಸುಳ್ಳೇನೂ ಬರೆದಿಲ್ಲ ಬಿಡಿ" ಎಂದ. ಗೌಡ್ರು ಅವನ ಕೈಯಲ್ಲಿದ್ದ ಬನ್ ಕಿತ್ತುಕೊಂಡರು.

ಎರಡನೆಯದು ಚೈಲ್ಡಿಶ್. ಮಗುವಿನಂಥ ಮನಸ್ಸು ಅನ್ನಲು ಹೊರಟಿದ್ದರು. "ಮಗುವಿನ ಹಾಗೆ ಕಪಟ ಇಲ್ಲದವನು ಚೈಲ್ಡ್‌ಲೈಕ್. ಮಗುವಿನ ಹಾಗೆ ರಚ್ಚೆ ಹಿಡಿಯುವವನು ಚೈಲ್ಡಿಶ್" ಎಂದರು ಮೇಷ್ಟ್ರು. ಗೌಡ್ರು ಕೊಂಚ ಹೊತ್ತು ಯೋಚಿಸಿ, "ಎರಡೂ ಹಾಕಿ" ಎಂದರು.

ಆಮೇಲೆ ಸ್ಟಿಂಜಿ. ಹುಡುಗ ದುಡ್ಡು ಸುಮ್ನೆ ಕಳೆಯುವುದಿಲ್ಲ ಅಂತ ಹೇಳಬೇಕಿತ್ತಂತೆ.

"ಅಯ್ಯೋ, ಸ್ಟಿಂಜಿ ಅಂದರೆ ಶುದ್ಧ ಜಿಪುಣ. ಥ್ರಿಫ್ಟಿ ಅನ್ನಿ, ನೋಡಿಕೊಂಡು ಖರ್ಚು ಮಾಡುವವನು. ಫ್ರೂಗಲ್ ಅಂದರೂ ನಡೀತದೆ, ಇದ್ದಷ್ಟರಲ್ಲೇ ಸರಳವಾಗಿ ಬದುಕುವವನು."

"ಅದೇ ಕೈ, ಅದೇ ಜೇಬು ಅಲ್ವಾ?"

"ಬರೆಯೋರು ಬೇರೆ ಗೌಡ್ರೇ. ಅಪ್ಪ ಬರೆದರೆ ಥ್ರಿಫ್ಟಿ. ಮದುವೆಯಾಗಿ ವರ್ಷದ ಮೇಲೆ ಹೆಂಡತಿ ಬರೆದರೆ ಸ್ಟಿಂಜಿ."

ಅಷ್ಟು ಸಾಕಿತ್ತು. ಮೇಷ್ಟ್ರಿಗೆ ಪಾಠದ ಹುಕಿ ಬಂತು. 1948ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬಿಬಿಸಿ ರೇಡಿಯೋದಲ್ಲಿ ಇದನ್ನೇ ವ್ಯಾಕರಣದ ಪಾಠದ ಹಾಗೆ ಒಪ್ಪಿಸಿದ್ದರಂತೆ: ನಾನು ದೃಢ, ನೀನು ಹಠಮಾರಿ, ಅವನು ಮೊಂಡು ಮುಠ್ಠಾಳ.

"ಇದಕ್ಕೆ ರಸೆಲ್ ಯಾಕೆ?" ಎಂದ ಅಂಚೆಯಣ್ಣ. "ದುರ್ಯೋಧನ ಜಗ್ಗದಿದ್ದರೆ ಛಲ. ನಮ್ಮ ಮಗ ಜಗ್ಗದಿದ್ದರೆ ಹಠ. ಪಕ್ಕದ ಜಮೀನಿನವನು ಜಗ್ಗದಿದ್ದರೆ ಮೊಂಡಾಟ, ಕೋರ್ಟು."

ನನಗೇನೋ ರಸೆಲ್‌ಗಿಂತ ಇದೇ ವಾಸಿ ಅನ್ನಿಸಿತು. ಮೇಷ್ಟ್ರ ಮುಂದೆ ಬಾಯಿ ಬಿಡಲಿಲ್ಲ. "ನೈಸ್ ಅಂತ ಹಾಕಿಬಿಡಿ, ತಂಟೆಯೇ ಬೇಡ" ಎಂದೆ.

"ಆ ಪದಕ್ಕೆ ಮೊದಲು ಇಂಗ್ಲಿಷಲ್ಲಿ ದಡ್ಡ ಅಂತಲೇ ಅರ್ಥ ಇದ್ದದ್ದು. ಲ್ಯಾಟಿನ್‌ನಲ್ಲಿ ಏನೂ ತಿಳಿಯದವನು ಅನ್ನೋ ಮಾತಿಂದ ಬಂದದ್ದು."

"ನಮ್ಮನೇಲಿ ನೈಸ್ ಅಂದ್ರೆ ರಾಗಿ ಹಿಟ್ಟು" ಎಂದರು ಗೌಡ್ರು. ದನಿಯಲ್ಲಿ ಸುಸ್ತು. "2023ರಲ್ಲಿ ನಮ್ಮ ಜಿಲ್ಲೆ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋದ್ರಲ್ಲ, ಇವನನ್ನೂ ಕಳಿಸಬೇಕಿತ್ತು. ಮಾದಪ್ಪನಿಗೆ ಕನ್ನಡ ಸಾಕು."

ಕೊನೆಗೆ ಮೇಷ್ಟ್ರು ಗುಣಗಳನ್ನೆಲ್ಲ ಹೊಡೆದುಹಾಕಿದರು. ಆ ಜಾಗದಲ್ಲಿ ಒಂದೇ ಸಾಲು ಬರೆದರು: ಸ್ವಂತ ಆಲೆಮನೆ, ನಾಲೆ ನೀರಿನ ಎರಡು ಎಕರೆ ಗದ್ದೆ.

ಅಂಚೆಯಣ್ಣ ಬಗ್ಗಿ ಓದಿದ.

"ನೀರು ಬಿಟ್ಟಾಗ ಅಂತ ಸೇರಿಸಿ ಮೇಷ್ಟ್ರೇ."