‘ತೂರು’: ಗೋಳಗುಚ್ಛದ ಅನಿಲಕ್ಕೆ ಈ ಪದ ನಡೆಯುತ್ತದೆಯೇ?

ನಮಸ್ಕಾರ,

ಧಾರವಾಡದ ಹೈಸ್ಕೂಲ್ ಮಕ್ಕಳಿಗಾಗಿ ಗೋಳಾಕಾರದ ನಕ್ಷತ್ರಗುಚ್ಛಗಳ ಮೇಲೆ ಒಂದು ಬರಹ ಮಾಡುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಬಂದು ಕೈ ನಿಂತಿದೆ.

ವಿಷಯ ಇಷ್ಟು. ಈ ಗುಚ್ಛಗಳಲ್ಲಿ ಇರುವುದೆಲ್ಲ ಮುದಿ ನಕ್ಷತ್ರಗಳು, ಅದೂ ಲಕ್ಷಗಟ್ಟಲೆ. ಮುಪ್ಪಿನಲ್ಲಿ ಉಬ್ಬಿ ಕೆಂಪಾಗಿ, ಮೈಮೇಲಿನ ಅನಿಲ, ಧೂಳನ್ನು ಹೊರಗೆ ಚೆಲ್ಲುತ್ತವೆ. ಗುಚ್ಛವೊಂದು ಆಕಾಶಗಂಗೆಯ ತಟ್ಟೆಯನ್ನು (ನಕ್ಷತ್ರ, ಅನಿಲ ತುಂಬಿದ ಅದರ ಚಪ್ಪಟೆ ಭಾಗವನ್ನು) ಒಮ್ಮೆ ದಾಟಿ ಮತ್ತೆ ದಾಟಲು ಹತ್ತು ಕೋಟಿ ವರ್ಷದ ಲೆಕ್ಕದಲ್ಲಿ ಸಮಯ ಬೇಕು. ಅಷ್ಟರಲ್ಲಿ ಹತ್ತಾರು ಸೂರ್ಯರ ತೂಕದ ಅನಿಲ ಕೂಡಿರಬೇಕಿತ್ತು. ಹುಡುಕಿದರೆ ಸಿಗುವುದು ಚೂರುಪಾರು. 47 ಟುಕಾನೆ ಎಂಬ ಗುಚ್ಛದಲ್ಲಿ 2001ರಲ್ಲಿ ಅನಿಲ ಸಿಕ್ಕಿದ್ದೇ ಪಲ್ಸಾರ್‌ಗಳಿಂದ, ಅಂದರೆ ಗಿರಗಿರ ತಿರುಗುತ್ತ ರೇಡಿಯೊ ಮಿಡಿತ ಕಳಿಸುವ ಸತ್ತ ನಕ್ಷತ್ರಗಳಿಂದ. ಅನಿಲದ ಎಲೆಕ್ಟ್ರಾನ್‌ಗಳು ರೇಡಿಯೊ ಮಿಡಿತವನ್ನು ತುಸು ತಡ ಮಾಡುತ್ತವೆ. ಗುಚ್ಛದ ಆಚೆ ಬದಿಯ ಪಲ್ಸಾರ್‌ಗಳಲ್ಲಿ ಈ ತಡ ಜಾಸ್ತಿ ಇತ್ತು. ಲೆಕ್ಕ ಹಾಕಿದರೆ ನಡುಭಾಗದ ಅನಿಲ ಸೂರ್ಯನ ಹತ್ತನೇ ಒಂದು ಪಾಲು, ಅಷ್ಟೇ. ಎಂ15 ಎಂಬ ಇನ್ನೊಂದು ಗುಚ್ಛದಲ್ಲಿ ಸ್ಪಿಟ್ಜರ್ ದೂರದರ್ಶಕಕ್ಕೆ ಕಂಡ ಧೂಳು ಸೂರ್ಯನ ಸಾವಿರದಲ್ಲೊಂದು ಪಾಲಿನ ಆಸುಪಾಸು.

ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಹಳೆಯ ಉತ್ತರ: ತಟ್ಟೆ ದಾಟುವಾಗ ಅಲ್ಲಿನ ಅನಿಲ ಎದುರುಗಾಳಿಯಂತೆ ಬಡಿದು ಗುಚ್ಛದ ಅನಿಲವನ್ನು ಹೊತ್ತೊಯ್ಯುತ್ತದೆ, ನಕ್ಷತ್ರಗಳು ಜಗ್ಗುವುದಿಲ್ಲ. ಇದನ್ನು ಓದಿದ ಕೂಡಲೇ ನನಗೆ ಬಂದ ಪದ ‘ತೂರು’. ಅಣ್ಣಿಗೇರಿ, ಗದಗ ಕಡೆ ಕಣದಲ್ಲಿ ಜೋಳ ತೂರಿದವರಿಗೆ ವಿವರಿಸಬೇಕಿಲ್ಲ. ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು, ಸುಂಕು ಗಾಳಿಯ ಪಾಲು. (ಆ ಸುಂಕು ಕುತ್ತಿಗೆಗೆ ಹತ್ತಿದರೆ ಸಂಜೆವರೆಗೂ ತುರಿಕೆ.) ಈಗ ಎಲ್ಲ ರಾಶಿ ಮಷಿನ್ ಕೆಲಸ, ಹುಡುಗರಿಗೆ ‘ಗಾಳಿ ಬಂದಾಗ ತೂರಿಕೋ’ ಗಾದೆಯಾದರೂ ಗೊತ್ತಿರುತ್ತದೆ ಅಲ್ವಾ?

ತೊಡಕು ಎರಡು. ಮೊದಲನೆಯದು, ‘ತೂರು’ ಎಂದರೆ ನುಸುಳು ಅಂತಲೂ ಹೌದು. ‘ಗುಚ್ಛ ತಟ್ಟೆಯೊಳಗೆ ತೂರಿ ಹೋಗುವಾಗ ಅನಿಲ ತೂರಿ ಹೋಗುತ್ತದೆ’ ಎಂದು ಬರೆದು ನಾನೇ ನಕ್ಕೆ. ಗುಚ್ಛಕ್ಕೆ ‘ಹಾಯು’ ಇಟ್ಟುಕೊಂಡರೆ ಇದು ಬಗೆಹರಿಯುತ್ತದೆ.

ಎರಡನೆಯದು ಗಟ್ಟಿ. ತಟ್ಟೆ ದಾಟಿ ಬಹಳ ಕಾಲವಾದ ಗುಚ್ಛದಲ್ಲೂ ಅನಿಲ ಕೂಡಿಲ್ಲ. ಹಾಗಾಗಿ ಈಚಿನ ವಾದ ಬೇರೆ: ಗುಚ್ಛದೊಳಗಿನ ಬಿಸಿ ಶ್ವೇತಕುಬ್ಜಗಳ (ಸತ್ತ ನಕ್ಷತ್ರಗಳ ಉಳಿದ ತಿರುಳುಗಳ) ಅತಿನೇರಳೆ ಬೆಳಕಿಗೆ ಅನಿಲ ಕಾದು ತಾನಾಗಿಯೇ ಹೊರಬೀಳುತ್ತದೆ. ಇಲ್ಲಿ ಎದುರುಗಾಳಿಯೇ ಇಲ್ಲ. ಗಾಳಿ ಇಲ್ಲದೆ ತೂರುವುದು ಹೇಗೆ? ‘ಹಸನಾಗು’ ಎಂದರೆ ಎರಡಕ್ಕೂ ಹೊಂದುತ್ತದೆ, ಆದರೆ ಹೇಗೆ ಹಸನಾಯಿತು ಎನ್ನುವುದು ಮಾಯ. ‘ಕೇರು’ ಬೇಡ, ಅದಕ್ಕೆ ಮೊರ ಹಿಡಿದ ಕೈ ಬೇಕು.

ಸದ್ಯಕ್ಕೆ ತಟ್ಟೆ ದಾಟುವ ಕಡೆ ‘ತೂರು’ ಉಳಿಸಿದ್ದೇನೆ. ಕಾದು ಹೋಗುವ ಅನಿಲಕ್ಕೆ ಸುಮ್ನೆ ‘ಹಾರಿ ಹೋಗು’ ಸಾಕೇ? ಹಾವೇರಿ, ರಾಣೇಬೆನ್ನೂರು ಕಡೆಯವರು ಬೇರೆ ಮಾತು ಬಳಸುತ್ತಿದ್ದರೆ ವಾಕ್ಯದ ಸಮೇತ ಬರೆಯಿರಿ.