ಸಹಾಯ ಬೇಕು: ಪೈಪೋಟಿ ಇರುವ ಮನೆಗೆ ಬೆಲೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಮೆಚ್ಚಿದ ಮನೆಗೆ ಇನ್ನೂ ನಾಲ್ಕಾರು ಮಂದಿ ಗಿರಾಕಿಗಳಿದ್ದಾರೆ. ಸಾಲಕ್ಕೆ ಬ್ಯಾಂಕಿನ ಪೂರ್ವ ಮಂಜೂರಾತಿ ಕೈಯಲ್ಲಿದೆ. ಆದರೆ ಬ್ಯಾಂಕು ಲೆಕ್ಕ ಹಾಕುವುದು ತಾನು ಕಟ್ಟಿದ ಮೌಲ್ಯವನ್ನು. ಆವೇಶದಲ್ಲಿ ಅದಕ್ಕಿಂತ ಹೆಚ್ಚು ಹೇಳಿದರೆ ವ್ಯತ್ಯಾಸವನ್ನು ನಾವೇ ತುಂಬಬೇಕು.

‘ತಪಾಸಣೆಯ ಷರತ್ತು (ಮನೆಯನ್ನು ಪರೀಕ್ಷೆ ಮಾಡಿಸಿ, ದೋಷ ಕಂಡರೆ ಹಿಂದೆ ಸರಿಯಬಹುದು ಎಂಬುದು) ಬಿಟ್ಟುಬಿಡಿ, ಮಾಲೀಕರು ಕೂಡಲೇ ಒಪ್ಪುತ್ತಾರೆ’ ಎಂಬುದು ಮಧ್ಯವರ್ತಿಯ ಸಲಹೆ. ಅವರಿಗೇನು, ದಲ್ಲಾಳಿ ಹಣ ಬಂದರೆ ಸಾಕು! ಸ್ನಾನದ ಕೋಣೆಯ ಆಚೆಬದಿಯ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ, ಅದರಡಿ ತೇವ ಆಗಲೇ ಉಬ್ಬಿದೆ. ಅದನ್ನು ಕಂಡ ಮೇಲೆ ಷರತ್ತು ಬಿಡಲು ಮನಸ್ಸಿಲ್ಲ.

ಷರತ್ತು ಉಳಿಸಿಕೊಂಡು, ಹೆಚ್ಚು ಮುಂಗಡ ಕೊಟ್ಟೋ ಮಾಲೀಕರು ಕೇಳಿದ ದಿನಕ್ಕೆ ನೋಂದಣಿಗೆ ಒಪ್ಪಿಯೋ ಮನೆ ಗಿಟ್ಟಿಸಿಕೊಂಡವರು ಇದ್ದೀರಾ? ಗರಿಷ್ಠ ಬೆಲೆಯನ್ನು ಮೊದಲೇ ಹೇಳಬೇಕೇ, ಚೌಕಾಸಿಗೆ ಸ್ವಲ್ಪ ಉಳಿಸಿಕೊಳ್ಳಬೇಕೇ? ನಾಡಿದ್ದರೊಳಗೆ ನಮ್ಮ ಬೆಲೆ ತಿಳಿಸಬೇಕಾಗಿದೆ.